ಕಿರುಗಾವಲಿಗೆ ಬಂದ ಮೊದಲ ರಾಯಭಾರ

ಪೇಪರಿನಲ್ಲಿ ಅವನ ಫೋಟೋ ಬಂದಾಗಲೆಲ್ಲ ನಮ್ಮ ಯಜಮಾನರು ಅದನ್ನು ಮಡಿಸಿ ನನ್ನ ಮುಂದಿಟ್ಟು ಹೋಗುತ್ತಾರೆ. ಕೋಟು ತೊಟ್ಟುಕೊಂಡು ಯಾವುದೋ ದೇಶದ ದೊರೆಯ ಕೈ ಕುಲುಕುತ್ತಾ ನಿಂತಿರುತ್ತಾನೆ. ಪಕ್ಕದಲ್ಲಿ ಅವಳು. ನಾನು ಮೊದಲು ನೋಡುವುದು ಅವಳನ್ನೇ. ದಪ್ಪಗಾಗಿದ್ದಾಳೋ ಇಲ್ಲವೋ ಎಂದು ನೋಡುತ್ತೇನೆ. ಆಗಿರುವುದಿಲ್ಲ. ಕೆಳಗೆ ಬರೆದಿರುತ್ತಾರೆ, ನಮ್ಮ ರಾಯಭಾರಿಗಳು ಯಾರ ಮನಸ್ಸಿಗೂ ನೋವಾಗದಂತೆ ‘ಆಗುವುದಿಲ್ಲ’ ಎನ್ನಬಲ್ಲವರು ಎಂದು. ಬರೆದವನಿಗೇನು ಗೊತ್ತು? ಅವನು ಮೊದಲ ರಾಯಭಾರ ಮಾಡಿದ್ದು ಕಿರುಗಾವಲಿನ ನಮ್ಮ ಮನೆಯ ಜಗಲಿಯಲ್ಲಿ. ನೋವಾಯಿತೋ ಇಲ್ಲವೋ ಎಂದು ನನ್ನನ್ನು ಕೇಳಬೇಕಿತ್ತು.

ಅವನು ನನ್ನ ಸೋದರಮಾವನಿಗೆ ಒಬ್ಬನೇ ಮಗ. ಮಾವನದು ಮಳವಳ್ಳಿಯಲ್ಲಿ ರಾಜಕೀಯದ ಮನೆ. ತಾತ ಪಟೇಲರಾಗಿದ್ದವರು, ಮಾವ ತಾಲ್ಲೂಕಿನ ಪರವಾಗಿ ಮೈಸೂರಿನ ಸಭೆಗೆ ಜರಿಪೇಟ ಸುತ್ತಿಕೊಂಡು ಹೋಗಿ ದಿವಾನರ ಎದುರು ಮಾತನಾಡಿ ಬರುತ್ತಿದ್ದರು. ಮಂಡ್ಯದ ಕಡೆ ನಾಲೆ ನೀರು ಹರಿದು, ಸಕ್ಕರೆ ಕಾರ್ಖಾನೆ ಎದ್ದ ವರ್ಷಗಳವು. ತನ್ನ ಗದ್ದೆಗೂ ನೀರು ಬೇಕು ಎನ್ನುವವನು ಮಾವನ ಮನೆಗೆ ಬಂದು ಕೂರಲೇಬೇಕಿತ್ತು.

ಅಂಥ ಮಾವ ತಮ್ಮ ಮದುವೆಯಲ್ಲಿ ನಮ್ಮವ್ವನಿಗೆ ಒಂದು ಮಾತು ಕೊಟ್ಟಿದ್ದರು. ನಮ್ಮಲ್ಲಿ ಮದುವೆ ಮುಗಿಸಿ ಹೆಣ್ಣುಗಂಡು ಮನೆಗೆ ಬಂದಾಗ ಗಂಡಿನ ಒಡಹುಟ್ಟಿದವಳು ಹೊಸ್ತಿಲಿಗೆ ಅಡ್ಡ ನಿಲ್ಲುತ್ತಾಳೆ. ನಿಮಗೆ ಹುಟ್ಟುವ ಹೆಣ್ಣನ್ನು ನನ್ನ ಮಗನಿಗೆ ಕೊಡುತ್ತೇವೆ ಎಂದು ಹೇಳಿ ಒಳಗೆ ಬನ್ನಿ ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ, ಗಂಡು ಹೂಂ ಎನ್ನುತ್ತಾನೆ. ಮಾವ ಹೂಂ ಎಂದು ಸುಮ್ಮನಾಗಲಿಲ್ಲವಂತೆ. ಹೆಣ್ಣಾದರೆ ನಿನ್ನ ಮನೆಗೆ ಕೊಡುತ್ತೇನೆ, ಗಂಡಾದರೆ ನಿನ್ನ ಮಗಳನ್ನು ತರುತ್ತೇನೆ ಎಂದು ನಾಲ್ಕು ಜನರ ಮುಂದೆ ಹೇಳಿದರಂತೆ. ಅವರಿಗೆ ಅವನು ಹುಟ್ಟಿದ, ನಮ್ಮವ್ವನಿಗೆ ನಾನು. ಇನ್ನೇನು ಮಾತಾಡುವುದಿದೆ ಎಂದು ಎಲ್ಲರೂ ಅಂದುಕೊಂಡರು. ನಾನಂತೂ ಹಾಗೆ ಅಂದುಕೊಂಡೇ ಬೆಳೆದೆ.

ನಾನು ಮೈನೆರೆದು ದೊಡ್ಡವಳಾದಾಗ ನನ್ನನ್ನು ಕೂರಿಸಲು ಸೋದರಮಾವ ಹಾಕಬೇಕಾದ ಹಸಿರು ಗುಡ್ಲಿಗೆ ಸೊಪ್ಪು ಕಡಿದು ತಂದವನು ಅವನೇ. ಹೆಂಗಸರು ಅವನನ್ನು ಅಣಕಿಸಿ ಕಿವಿ ಕೆಂಪಾಗಿಸಿದರು. ಅವನು ನನ್ನನ್ನು ಅಮ್ಮಿ ಎನ್ನುತ್ತಿದ್ದ, ನಾನು ಬಾವ ಎನ್ನುತ್ತಿದ್ದೆ. ಬೆಂಗಳೂರಿನ ಕಾಲೇಜು ಸೇರಿದ ಮೇಲೆ ರಜಕ್ಕೆ ಬಂದಾಗ, ಮದ್ದೂರು ಸ್ಟೇಷನ್ನಿಗೆ ಬಂದ ರೈಲಿನ ಕತೆಯಿಂದ ಶುರು ಮಾಡಿ ಎಲ್ಲಾ ಹೇಳುತ್ತಿದ್ದ. ಒಂದು ಸಲ, ತಾನು ಹೋಗಿಬರುವ ಒಬ್ಬ ದೊಡ್ಡ ಅಧಿಕಾರಿಯ ಮನೆಯ ಮಾತು ಬಂತು. ನಮ್ಮ ಪೈಕಿಯವರೇ, ಅವರ ಮಗಳು ಬ್ಯಾಡ್ಮಿಂಟನ್ ಆಡುತ್ತಾಳೆ ಎಂದ. ಬ್ಯಾಡ್ಮಿಂಟನ್ ಎಂದರೆ ಏನೆಂದು ಗೊತ್ತಿಲ್ಲದೆಯೇ ನನಗೆ ಹೊಟ್ಟೆ ಉರಿಯಿತು. ಅದು ಏನೇ ಇರಲಿ, ಅವಳ ಕಾಲು ಉಳುಕಲಿ ಎಂದುಕೊಂಡೆ.

ಮುಂದಿನ ಬೇಸಿಗೆಯಲ್ಲಿ ಅವನು ಮಾವನ ಮೋಟಾರಿನಲ್ಲಿ ಒಬ್ಬನೇ ಕಿರುಗಾವಲಿಗೆ ಬಂದ. ಅವ್ವ ಕೋಳಿ ಕುಯ್ಯಿಸಿದಳು. ಅವನು ಮುದ್ದೆ ಮುರಿದು ಸಾರಿಗೆ ಅದ್ದಿ, ಇಂಥ ಊಟ ಬೆಂಗಳೂರಿನ ಯಾವ ದೊಡ್ಡ ಮನೆಯಲ್ಲೂ ಸಿಕ್ಕಲಿಲ್ಲ ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡ. ಅಪ್ಪನ ಹತ್ತಿರ ಕಬ್ಬಿನ ಮಾತಾಡಿದ, ಕುಂಟುತ್ತಿದ್ದ ಎತ್ತಿನ ಕಾಲು ನೋಡಿ ಬಂದ. ಬಾಗಿಲ ಸಂದಿಯಲ್ಲಿ ನಿಂತ ನನಗೆ ಅವನು ಯಾವಾಗ ಮದುವೆಯ ಮಾತು ತೆಗೆಯುತ್ತಾನೋ ಎಂದು ಕಾತರ. ಕೊನೆಗೆ ಚೀಲದಿಂದ ಒಂದು ರೇಷ್ಮೆ ಸೀರೆ ತೆಗೆದು ಅವ್ವನ ಕೈಗೆ ಕೊಟ್ಟು, "ತಂಗಿಗೆ ಅಂತ ತಂದಿದ್ದೀನಿ, ಅತ್ತೆ," ಎಂದ.

ಅತ್ತೆಯ ಮಗಳನ್ನು ನಮ್ಮಲ್ಲಿ ಯಾರೂ ತಂಗಿ ಎನ್ನುವುದಿಲ್ಲ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಅಣ್ಣತಂಗಿಯರು. ಅತ್ತೆ ಮಾವನ ಮಕ್ಕಳದು ಕೊಟ್ಟು ತರುವ ವರಸೆ. ತಂಗಿ ಎಂದು ಕರೆದವಳಿಗೆ ತಾಳಿ ಕಟ್ಟುವ ಹಾಗಿಲ್ಲ. ಎಲೆಗೆ ಸುಣ್ಣ ಸವರುತ್ತಿದ್ದ ಅಪ್ಪನ ಕೈ ನಿಂತಿತು. ಅವ್ವ ಮಾತ್ರ ನಕ್ಕಳು. ಇಂಗ್ಲಿಷು ಓದಿ ಹುಡುಗನಿಗೆ ವರಸೆಯೇ ಮರೆತುಹೋಗಿದೆ ಎಂದುಕೊಂಡು ಸೀರೆಯನ್ನು ಕಣ್ಣಿಗೊತ್ತಿಕೊಂಡಳು. ಅವನು ಇಬ್ಬರ ಕಾಲಿಗೂ ಬಿದ್ದ. ಅವ್ವ ಬೇಗ ಮದುವೆಯಾಗಲಿ ಎಂದು ಹರಸಿದಳು. ಮೋಟಾರಿನ ಧೂಳು ಇಳಿಯುವವರೆಗೆ ಅಪ್ಪ ಜಗಲಿಯಲ್ಲೇ ನಿಂತು ನೋಡಿದರು.

"ಕೊಟ್ಟು ತರೋ ಸೋದರ್ಕೆ ಮುರ್ಕೊಂಡೋದ ಕಣೆ ಅವ್ನು," ಎಂದರು ಆಮೇಲೆ.

"ಪ್ಯಾಟೆ ಮಾತು ಬುಡಿ, ಓದ್ದೋರು ಅಂಗೇ ಅಂತಾರೆ," ಎಂದಳು ಅವ್ವ.

ಆಗುವುದಿಲ್ಲ ಎಂದು ಅವನು ಒಂದು ಸಲವೂ ಅನ್ನಲಿಲ್ಲ ನೋಡಿ. ನಮ್ಮ ಕೋಳಿ ತಿಂದು, ನಮ್ಮ ಆಶೀರ್ವಾದವನ್ನೂ ತೆಗೆದುಕೊಂಡು ಹೋದ. ಬ್ಯಾಡ್ಮಿಂಟನ್ ಆಡುವವಳ ಜೊತೆ ಲಗ್ನ ಗೊತ್ತಾಗಿದೆ ಎಂದು ಮಳವಳ್ಳಿಯಿಂದ ಆಳು ಬಂದು ಹೇಳಿದ ಮೇಲೆಯೇ ಅವ್ವನಿಗೆ ತಿಳಿದದ್ದು. ಅವತ್ತು ಅವಳು ಒಲೆ ಹಚ್ಚಲಿಲ್ಲ. ನಾನು ಸೀರೆಯನ್ನು ಸುಡಬೇಕೆಂದು ಹೊರಗೆ ತೆಗೆದೆ. ತುಂಬಾ ಚೆನ್ನಾಗಿತ್ತು, ಮಡಿಸಿಟ್ಟೆ.

ಮದುವೆ ಬೆಂಗಳೂರಿನಲ್ಲಾಯಿತು. ನಮ್ಮವರು ಯಾರೂ ಹೋಗಲಿಲ್ಲ. ಆದರೆ ಹೆಣ್ಣುಗಂಡು ಮಳವಳ್ಳಿಗೆ ಬರುವ ಹಿಂದಿನ ದಿನ ಮಾವನೇ ಬಂದು ಕೂತರು. ಹುಡುಗನಿಗೆ ಒಡಹುಟ್ಟಿದವರಿಲ್ಲ, ಬಾಗಿಲು ತಡೆಯುವುದಕ್ಕೆ ತಂಗಿ ಬೇಕು, ಮಗಳನ್ನು ಕಳಿಸಿಕೊಡು ಎಂದರು. ಅಪ್ಪ ಎದ್ದು ಹಿತ್ತಲಿಗೆ ಹೋದರು. ಅವ್ವನಿಗೆ ಅಣ್ಣನ ಮಾತು ಮೀರಲಾಗಲಿಲ್ಲ. ನಾನೇ ಬರುತ್ತೇನೆ ಎಂದೆ. ಆ ಹೆಣ್ಣನ್ನು ನೋಡದೆ ನನಗೆ ಅನ್ನ ಸೇರುತ್ತಿರಲಿಲ್ಲ.

ಅದೇ ಸೀರೆ ಉಟ್ಟು ಮಾವನ ಮನೆಯ ಹೊಸ್ತಿಲ ಒಳಗೆ ನಿಂತೆ. ಅವಳ ಮೂಗಾದರೂ ಸೊಟ್ಟಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದೆ. ನೆಟ್ಟಗಿತ್ತು. ಕೈಯಲ್ಲಿ ಗಡಿಯಾರ ಕಟ್ಟಿದ್ದಳು. ಹಿಮ್ಮಡಿಯಲ್ಲಿ ಒಂದೂ ಬಿರುಕಿರಲಿಲ್ಲ. ಅವನ ಹಿಂದೆ ನಡೆಯದೆ ಪಕ್ಕದಲ್ಲೇ ನಡೆದು ಬಂದಳು, ಅವನೂ ಅವಳಿಗಾಗಿ ನಿಧಾನ ಮಾಡಿದ. ನಾನು ಜೊತೆಯಲ್ಲಿ ಹೋದಾಗಲೆಲ್ಲ ನಾನೇ ಓಡಬೇಕಾಗುತ್ತಿತ್ತು. ಆ ಹೊಟ್ಟೆಕಿಚ್ಚು ಇವತ್ತಿಗೂ ಆರಿಲ್ಲ.

"ಎಣ್ಣು ಕೊಡ್ತೀವಿ ಅನ್ನಿ, ದಾರಿ ಬುಡ್ತೀನಿ," ಎಂದೆ.

"ಕೊಟ್ಟರಾಯ್ತು, ಅದಕ್ಕೇನು ತಂಗಿ," ಎಂದು ಅವನು ನಕ್ಕ. ಸುತ್ತಲಿದ್ದವರೂ ನಕ್ಕರು.

ನಾನು ಅಡ್ಡ ಹಿಡಿದ ಕೈ ತೆಗೆಯಲಿಲ್ಲ. "ನಿಮ್ಮಪ್ಪ ಇದೇ ಒಸ್ಲಲ್ಲಿ ನಮ್ಮವ್ವಂಗೆ ಕೊಟ್ಟ ಮಾತು ನಾನೇ ಕಣ್ ಬಾವ," ಎಂದೆ.

ನಗು ನಿಂತಿತು. ಮಾವ ಪೇಟ ಸರಿಮಾಡಿಕೊಳ್ಳುತ್ತಾ ಬೀದಿಯ ಕಡೆ ತಿರುಗಿದರು. ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲೇ ಬೆಳೆದವಳಿಗೆ ನಮ್ಮ ಕಡೆಯ ಮಾತು ಸರಿಯಾಗಿ ತಿಳಿಯಲಿಲ್ಲ. ಇವಳು ಏನೆಂದಳು ಎಂದು ಅವನನ್ನು ಕೇಳಿದಳು. ಅವನು ನನ್ನ ಮುಖದಿಂದ ಕಣ್ಣು ತೆಗೆಯದೆ ಇಂಗ್ಲಿಷಿನಲ್ಲಿ ಮೆಲ್ಲಗೆ ಎರಡು ಮಾತು ಹೇಳಿದ. ಅವಳು ನನ್ನನ್ನು ನೋಡಿ ಪ್ರೀತಿಯಿಂದ ನಕ್ಕು, "ಖಂಡಿತ ಕೊಡ್ತೀವಿ," ಎಂದಳು.

ನನಗೆ ಇಂಗ್ಲಿಷು ಬರುವುದಿಲ್ಲ. ಆದರೆ ನಾನಂದದ್ದನ್ನೇ ಅವನು ಹೇಳಿದ್ದರೆ ಅವಳು ಹಾಗೆ ನಗುತ್ತಿರಲಿಲ್ಲ. ಕೈ ಇಳಿಸಿ ಪಕ್ಕಕ್ಕೆ ಸರಿದೆ. ಅವಳು ಬಲಗಾಲಿಟ್ಟು ಒಳಗೆ ಹೋದಳು.