ಗೂಡಕ್ಕ ಮತ್ತು ರಕ್ತ ಕುಡಿಯುವ ದೊರೆ

ನಾಟಕ ಮಂದಿರದ ವೇದಿಕೆಯ ಅಂಚಿನಲ್ಲಿ ಒಂದು ಗೂಡು ಇರುತ್ತದೆ, ಅದರೊಳಗೆ ಒಂದು ಜೀವ ಕೂತಿರುತ್ತದೆ. ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತು ಚಪ್ಪಾಳೆ ತಟ್ಟುವ ನಿಮಗೆ ಇಷ್ಟಾದರೂ ಗೊತ್ತಿರಬೇಕಿತ್ತು. ಗೊತ್ತಿಲ್ಲದಿದ್ದರೆ ಈಗ ತಿಳಿದುಕೊಳ್ಳಿ. ನಟನಿಗೆ ಮಾತು ತಪ್ಪಿದಾಗ ಕೆಳಗಿನಿಂದ ಪಿಸುದನಿಯಲ್ಲಿ ಎತ್ತಿಕೊಡುವುದು ಆ ಜೀವದ ಕೆಲಸ. ಪ್ರಾಂಪ್ಟರ್ ಎನ್ನುತ್ತಾರೆ. ನಮ್ಮೂರಿನ ಕಂಪನಿಯಲ್ಲಿ ಆ ಕೆಲಸ ಮಾಡಿದವಳನ್ನು ಎಲ್ಲರೂ ಗೂಡಕ್ಕ ಎಂದೇ ಕರೆದರು.

ಮೊದಲು ಅಲ್ಲಿ ಅವಳಪ್ಪ ಕೂರುತ್ತಿದ್ದ. ಅವನಿಗೆ ಕೆಮ್ಮು ಹತ್ತಿದ ಮೇಲೆ ಮಗಳು ಇಳಿದಳು. ಕೆಮ್ಮುವವರಿಗೆ ಗೂಡಿನಲ್ಲಿ ಜಾಗವಿಲ್ಲ. ಎದೆಮಟ್ಟದ ಹಳ್ಳ, ಒಂದು ಸ್ಟೂಲು, ತಗಡಿನ ಮರೆಯಲ್ಲಿ ಮಂಕು ಬಲ್ಬು, ಬೆನ್ನ ಹಿಂದೆ ಪ್ರೇಕ್ಷಕರು, ಮೂಗಿನೆದುರು ನಟರ ಬೂಟುಗಳು. ಯಾರ ಹಿಮ್ಮಡಿ ಯಾವ ಕಡೆ ಸವೆದಿದೆ, ಹೆದರಿದಾಗ ಯಾರ ಕಾಲು ಒಳಮುಖವಾಗಿ ತಿರುಗುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು. "ಮುಖ ನೋಡಿ ಜನರನ್ನ ಗುರುತು ಹಿಡಿಯೋದು ನಂಗೆ ತಡವಾಗಿ ಬಂತಪ್ಪಾ" ಎಂದು ಈಗಲೂ ನಗುತ್ತಾಳೆ.

ಕಂಪನಿಯ ಹೊಟ್ಟೆ ಹೊರೆದದ್ದು ಹಲ್ಲಿನ ನಾಟಕ. ಕಥೆ ನೀವು ಕೇಳಿರುವಂಥದ್ದೇ: ಬೆಟ್ಟದ ಮೇಲೊಂದು ಪಾಳು ಕೋಟೆ, ಸಾವಿಲ್ಲದ ದೊರೆ. ಕತ್ತಲಾದರೆ ಕಿಟಕಿಗೆ ಬಂದು ಹುಡುಗಿಯ ಕೊರಳಿನಿಂದ ರಕ್ತ ಹೀರುತ್ತಾನೆ. ಕೊನೆಗೆ ಗಂಡಸರ ಗುಂಪು ಬಂದು ಅವನ ಎದೆಗೆ ಗೂಟ ಹೊಡೆಯುತ್ತದೆ. ದೊರೆಯ ಪಾತ್ರದವನು ಮೇಣದ ಕೋರೆಹಲ್ಲು ಹಾಕಿಕೊಳ್ಳುತ್ತಿದ್ದುದರಿಂದ ಅವನು ಹಲ್ಲಣ್ಣ. ಎತ್ತರದ ಆಳು, ಬಾವಿಯಿಂದ ಬಂದಂಥ ದನಿ. ಅವನು ಮೇಲಂಗಿ ಬೀಸಿ ತಿರುಗಿದರೆ ಬಾಲ್ಕನಿಯ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತಿದ್ದರು. ಆ ಕಾಲದ ಸಂಜೆಗಳೇ ಹಾಗಿದ್ದವು. ಹೆದರುವುದಕ್ಕೂ ಜನ ಒಳ್ಳೆಯ ಬಟ್ಟೆ ಹಾಕಿಕೊಂಡು ಬರುತ್ತಿದ್ದರು.

ಒಂದು ವರ್ಷ ಹಲ್ಲಣ್ಣನಿಗೆ ಜ್ವರ ಬಂದು ತಲೆಗೇರಿತು. ಎದ್ದಾಗ ನಡಿಗೆ ಇತ್ತು, ದನಿ ಇತ್ತು, ಕಂಠಪಾಠವಾಗಿದ್ದ ಮಾತು ಮಾತ್ರ ಒಂದೂ ಇರಲಿಲ್ಲ. ಬೆಳಿಗ್ಗೆ ಓದಿದ್ದು ಸಂಜೆಗೆ ತೊಳೆದಿಟ್ಟ ಹಾಗೆ. ಪರದೆ ಏಳುವ ಮುಂಚೆ ಬಂದು ಗೂಡಿನೆದುರು ಕುಕ್ಕರಗಾಲಲ್ಲಿ ಕೂತ.

"ಗೂಡಕ್ಕಾ, ಯಜಮಾನ್ರಿಗೆ ಗೊತ್ತಾದ್ರೆ ನಾಳೆ ನನ್ನ ಬೂಟು ಬೇರೆಯವನ ಕಾಲಲ್ಲಿರುತ್ತೆ. ಅದು ಹೋಗ್ಲಿ. ಮಾತು ಮರೆತ ಅಂತ ಜನ ನಕ್ಕುಬಿಟ್ರೆ ನಾನು ಬದುಕಲ್ಲ."

"ಒಂದೊಂದು ಮಾತೂ ನಾನು ಕೊಡ್ತೀನಿ ಅಣ್ಣಾ. ನೀವು ಬಾಯಿ ತೆಗೀರಿ ಸಾಕು."

"ಎಲ್ಲಾನೂ?"

"ಹೂಂ, ಎಲ್ಲಾನೂ. ಕೊನೇಲಿ ಸಾಯೋದೊಂದು ನೀವೇ ಸಾಯಿರಿ."

ಅಂದಿನಿಂದ ದೊರೆಯ ಪ್ರತಿಯೊಂದು ಮಾತೂ ಗೂಡಿನಿಂದಲೇ ಹೊರಟಿತು. ಅವನು ಮೇಲಂಗಿಯನ್ನು ನಿಧಾನವಾಗಿ ಎತ್ತಿ, ತಿರುಗಿ, ದಿಟ್ಟಿಸಿ ನೋಡುವಷ್ಟರಲ್ಲಿ ಅವಳು ಸಾಲನ್ನು ದಾಟಿಸುತ್ತಿದ್ದಳು. ಗಂಟಲಿಲ್ಲ, ತುಟಿ ಮತ್ತು ಉಸಿರು ಅಷ್ಟೆ. ಆ ನಿಧಾನ ಕಂಡು ಜನ "ಏನು ಗತ್ತು!" ಎಂದು ಉದ್ಗರಿಸಿದರು. ಗತ್ತಂತೆ! ಪಾಪ, ಅವನಿಗೆ ಒಳಗೊಳಗೇ ಬೆವರು.

ಒಬ್ಬ ಮನುಷ್ಯನ ಬಾಯಿಗೆ ದಿನವೂ ಮಾತಿನ ತುತ್ತು ಇಡುವವಳು ಸುಮ್ಮನೆ ಎಷ್ಟು ದಿನ ಇದ್ದಾಳು? "ದಿನಾ ಸಂಜೆ ಅವರ ಎದೆಗೆ ಗೂಟ ಹೊಡೆಸಿ ಮನೆಗೆ ಹೋಗಿ ಊಟ ಮಾಡೋದು ನನ್ನ ಕೈಲಾಗ್ಲಿಲ್ಲ" ಎಂದಳು ನನ್ನೊಡನೆ. ಒಂದು ಸಂಜೆ ಕಿಟಕಿಯ ದೃಶ್ಯ ಬಂತು. 'ನಿನ್ನ ರಕ್ತ ನನ್ನದು' ಎಂದು ಅಬ್ಬರಿಸಬೇಕು. ಗೂಡಿನಿಂದ ಬೇರೆ ಸಾಲು ಬಂತು. ಹಲ್ಲಣ್ಣ ಕೇಳಿದ್ದನ್ನು ಹಾಗೇ ಆಡಿಬಿಟ್ಟ:

"ಬಾಗಿಲು ನಿನ್ನದು. ಬಾ ಎಂದರೆ ಬರುವೆ, ಬೇಡ ಎಂದರೆ ಹೊರಗೇ ನಿಲ್ಲುವೆ."

ನಾಯಕಿ ಪಾತ್ರದವಳು ಬಾಯಿ ಬಿಟ್ಟು ನಿಂತಳು. ಗೂಡಕ್ಕ ಅವಳಿಗೂ ಮಾತು ಕೊಟ್ಟಳು. ದೊರೆ ತನ್ನ ಒಂಟಿತನ ಹೇಳಿಕೊಂಡ. ಹುಡುಗಿ ಕೇಳಿದಳು, ನಕ್ಕಳು, ಚಿಲಕ ತೆಗೆದಳು. ಗೂಟ ಹಿಡಿದು ಬಂದ ಗಂಡಸರಿಗೆ ಒಳಗಿನಿಂದ ಬಾಗಿಲು ಹಾಕಿತ್ತು. ಅಡ್ರೆಸ್ಸು ತಪ್ಪಿ ಬಂದವರಂತೆ ಮುಖಮುಖ ನೋಡಿಕೊಂಡು ವಾಪಸಾದರು.

"ಯಾರೇ ನನ್ನ ನಾಟಕ ಕೆಡಿಸಿದ್ದು?" ಎಂದು ಯಜಮಾನ ಕೂಗಾಡುತ್ತ ಬಂದ. ಅಷ್ಟರಲ್ಲಿ ಹೊರಗಿನ ಚಪ್ಪಾಳೆ ಅವನ ಕಿವಿಗೆ ಬಿತ್ತು. ದನಿ ಇಳಿಸಿದ. "ನಾಳೆನೂ ಹೀಗೇ ಕೆಡಿಸು."

ನಾಟಕ ಪ್ರೇಮಕಥೆಯಾಯಿತು. ಪತ್ರಿಕೆಗಳು ಯಜಮಾನನ ಕಲ್ಪನೆಯನ್ನು ಹೊಗಳಿದವು. ಹೊಗಳಿಕೆ ಎಂದಾದರೂ ದಾರಿ ತಪ್ಪಿ ಗೂಡಿನ ಹಳ್ಳಕ್ಕೆ ಇಳಿದದ್ದುಂಟೆ?

ವೇಷದ ಬಟ್ಟೆ ಹೊಲಿಯುವ ಅತ್ತೆ ಮಾತ್ರ ಬೇರೇನೋ ಕಂಡುಹಿಡಿದಳು. "ಏನೇ, ಹಲ್ಲಣ್ಣನಿಗೆ ಅಣ್ಣ ಅನ್ನೋದೇ ನಿಲ್ಲಿಸಿದ್ದೀಯಲ್ಲ?"

"ನಾಲಿಗೆ ಸುಸ್ತಾಗಿದೆ ಅತ್ತೆ."

"ಊರವರಿಗೆಲ್ಲ ಅಣ್ಣ ಅನ್ನೋಕೆ ಸುಸ್ತಿಲ್ಲ, ಅವನಿಗೊಬ್ಬನಿಗೇ ಸುಸ್ತು! ಹೋಗೇ, ನನಗೇ ಹೊಲಿಗೆ ಹೇಳಿಕೊಡೋಕೆ ಬರ್ತೀಯಾ."

ಹಲ್ಲಣ್ಣನೂ ಕುರುಡನಾಗಿರಲಿಲ್ಲ. ಆ ಮಾತು ಯಾರದು, ಯಾರಿಗೆ, ಎಂಬುದು ಅವನಿಗೆ ಅರ್ಥವಾಗಿತ್ತು. ಕಿಟಕಿಯ ಆ ಒಂದು ಸಾಲನ್ನು ನೇತುಹಾಕಿದ ವೇಷದ ಕೋಟುಗಳ ಹಿಂದೆ ನಿಂತು ವಾರಗಟ್ಟಲೆ ಉರು ಹೊಡೆದನಂತೆ. ಅಳಿಸಿಹೋಗುವುದು, ಮತ್ತೆ ಓದುವುದು. ಅತ್ತೆ ಸೂಜಿ ಹಿಡಿದುಕೊಂಡೇ ಪಾಠ ಒಪ್ಪಿಸಿಕೊಂಡಳು.

ಸಾಲು ಗಟ್ಟಿಯಾಗಿ ಕೂತ ದಿನದ ಸಂಜೆ, ಮಂದಿರ ತುಂಬಿತ್ತು. ಕಿಟಕಿಯ ದೃಶ್ಯದಲ್ಲಿ ಗೂಡಕ್ಕ ಎಂದಿನಂತೆ ಮಾತು ಎತ್ತಿದಳು. ಅವನು ಅಂಗೈ ತೋರಿಸಿ ತಡೆದ. ನಾಯಕಿಯನ್ನು ಅಲ್ಲೇ ಬಿಟ್ಟು ವೇದಿಕೆಯ ಅಂಚಿಗೆ ಬಂದ, ಮೊಣಕಾಲೂರಿದ, ಕೋರೆಹಲ್ಲು ಕಿತ್ತು ಜೇಬಿಗಿಟ್ಟ, ಗೂಡಿನೊಳಗೆ ಬಗ್ಗಿ, ಅವಳಿಗಷ್ಟೇ ಕೇಳುವಂತೆ ಆ ಸಾಲನ್ನು ಹೇಳಿದ. ಒಂದಕ್ಷರ ತಪ್ಪದೆ.

ಜನಕ್ಕೆ ಕಂಡದ್ದೇನು? ಪ್ರಾಂಪ್ಟರಿನ ಮುಂದೆ ಮಂಡಿಯೂರಿ ಮಾತು ಬೇಡುತ್ತಿರುವ ನಟ.

"ಮರೆತಾ ಮರೆತಾ! ಗೂಡಕ್ಕಾ, ಜೋರಾಗಿ ಹೇಳಿಕೊಡೇ!" ಶಿಳ್ಳೆ, ನಗು, ಕುರ್ಚಿ ಬಡಿದ ಸದ್ದು.

"ನಗ್ತಿದ್ದಾರೆ, ಏಳಿ" ಎಂದಳು ಅವಳು.

"ನಗ್ಲಿ. ನೀನು ಹೇಳು."

ಜೀವನವಿಡೀ ಬೇರೆಯವರಿಗೆ ಮಾತು ಕೊಟ್ಟವಳಿಗೆ ಆಗ ಒಂದೇ ಒಂದು ಮಾತು ಸಿಕ್ಕಿತು. "ಬನ್ನಿ." ಅದನ್ನು ಕೇಳಿದ ಮೇಲೆಯೇ ಅವನು ಎದ್ದದ್ದು.

ಮರುದಿನ ಇಬ್ಬರನ್ನೂ ಕಂಪನಿ ಹೊರಗೆ ಹಾಕಿತು. ಇಸ್ತ್ರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿದರು. ಹಲ್ಲಣ್ಣ ಕೆಳಗೆ ಇಸ್ತ್ರಿ ಮಾಡುತ್ತಿದ್ದ; ಯಾರ ಅಂಗಿ ಯಾರದೆಂದು ಮರೆಯುತ್ತಿದ್ದ, ಬೀಗದ ಕೈ ಮರೆಯುತ್ತಿದ್ದ, ವಾರ ಮರೆಯುತ್ತಿದ್ದ. ಸಂಜೆ ಮೆಟ್ಟಿಲು ಹತ್ತಿ ಬಂದು ಹೊಸಿಲಾಚೆ ನಿಂತು ಆ ಸಾಲನ್ನು ಮಾತ್ರ ಹೇಳುತ್ತಿದ್ದ. ಅವಳು ಕೆಲವು ದಿನ ಬೇಕೆಂದೇ ಕಾಯಿಸುತ್ತಿದ್ದಳು. "ಒಲೆ ಮೇಲೆ ಇಟ್ಟಿದ್ದು ಇಳಿಸೋವರೆಗೂ ನಿಂತಿರ್ತಿದ್ರು ಕಣಪ್ಪಾ. ಒಳಗೆ ಬಿಸಿ ಅನ್ನದ ವಾಸನೆ, ಹೊರಗೆ ಅವರ ಅಂಗಿಯಿಂದ ಇಸ್ತ್ರಿ ವಾಸನೆ" ಎನ್ನುವಾಗ ಅವಳ ಕಣ್ಣು ಇನ್ನೂ ಬಾಗಿಲ ಕಡೆಗೇ ಇತ್ತು.

ಹೋದ ತಿಂಗಳು ಹಲ್ಲಣ್ಣ ತೀರಿಕೊಂಡ. ಅದೇ ಮಂದಿರದಲ್ಲಿ ಸಂತಾಪ ಸಭೆ ನಡೆಯಿತು. ಮಾತಾಡಲು ಬಂದ ದೊಡ್ಡವರೆಲ್ಲ ಅದೊಂದೇ ಪ್ರಸಂಗ ಹೇಳಿದರು: ದೊರೆ ಮಾತು ಮರೆತು ಗೂಡಿಗೆ ಅಡ್ಡಬಿದ್ದದ್ದು. ಸಾವಿನ ಸಭೆ ಬಿದ್ದು ಬಿದ್ದು ನಕ್ಕಿತು. ಕೊನೆಯ ಸಾಲಿನಲ್ಲಿ ಅವನ ಹೆಂಡತಿ ಕೂತಿದ್ದಳು. ಒಬ್ಬರೂ ಹಿಂತಿರುಗಿ ನೋಡಲಿಲ್ಲ. ಅವಳು ಎದ್ದು ಏನೋ ಹೇಳಹೋದಳು; ಉಸಿರಲ್ಲೇ ಮಾತಾಡಿ ಸವೆದ ಗಂಟಲು ಆ ನಗುವಿನ ಮೇಲೆ ಏಳಲಿಲ್ಲ.

ಅವಳ ಗಂಟಲು ಏಳದಿದ್ದರೆ ನಿಮ್ಮದು ಏಳಬೇಕು. ಈ ಊರಿನಲ್ಲಿ ಆ ಪ್ರಸಂಗ ಇನ್ನೂ ಚಹಾದಂಗಡಿಯಿಂದ ಚಹಾದಂಗಡಿಗೆ ಓಡಾಡುತ್ತಿದೆ. ನಾಳೆ ನಿಮ್ಮ ಮೇಜಿಗೂ ಬರುತ್ತದೆ. ಬಂದಾಗ ನಗಬೇಡಿ. ಹೇಳುವವನು ಎಷ್ಟೇ ದೊಡ್ಡವನಾಗಿರಲಿ, ನಡುವೆಯೇ ತಡೆದು, ಅಂಗಡಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿ: ಅವನು ಮರೆತಿರಲಿಲ್ಲ.