ಕೆಂಪು ನಲ್ಲಿಯ ತಣ್ಣೀರು

ದೋಹಾದಲ್ಲಿ ಮೇ ತಿಂಗಳು ಕಾಲಿಟ್ಟಿತೆಂದರೆ ಮನೆಯ ನಲ್ಲಿಗಳು ತಮ್ಮ ಬಣ್ಣ ಮರೆಯುತ್ತವೆ. ನೀಲಿ ಬೊಟ್ಟಿನ ನಲ್ಲಿ ತಿರುಗಿಸಿದರೆ ಟೆರೇಸಿನ ಟ್ಯಾಂಕಿಯಲ್ಲಿ ದಿನವಿಡೀ ಕಾದ ನೀರು ಕೈ ಸುಡುವಂತೆ ಬರುತ್ತದೆ. ಆಗ ಗೀಸರ್ ಆಫ್ ಮಾಡಿ ಕೆಂಪು ಬೊಟ್ಟಿನ ನಲ್ಲಿ ತೆರೆಯಬೇಕು. ಎ.ಸಿ. ಹಾಕಿದ ಮನೆಯೊಳಗೆ ಗೀಸರಿನ ಹೊಟ್ಟೆಯಲ್ಲಿ ಸುಮ್ಮನೆ ಕುಳಿತ ನೀರು ಹಿತವಾಗಿ ತಣಿದಿರುತ್ತದೆ. ಅಕ್ಟೋಬರ್ ಬರುವವರೆಗೆ ನಮಗೆಲ್ಲ ಕೆಂಪೆಂದರೆ ತಣ್ಣಗೆ, ನೀಲಿಯೆಂದರೆ ಬಿಸಿ.

ನಮ್ಮ ಅಲ್ ಸದ್ದ್ ಫ್ಲಾಟಿನಲ್ಲಿ ಇದು ನನ್ನವರ ಡಿಪಾರ್ಟ್‌ಮೆಂಟ್ ಆಗಿತ್ತು. ಪ್ರತಿ ವರ್ಷ ಒಂದು ಬೆಳಿಗ್ಗೆ ಬಾತ್‌ರೂಮಿನಿಂದ, "ಸಮ್ಮರ್ ಡಿಕ್ಲೇರ್ಡ್!" ಎಂದು ಕೂಗುತ್ತಿದ್ದರು. ಊರಿನಿಂದ ವಿಸಿಟ್ ವೀಸಾದಲ್ಲಿ ಬರುವ ನೆಂಟರಿಗೆ ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲೇ ಈ ಪಾಠ ಮುಗಿಯುತ್ತಿತ್ತು. ಆದರೂ ಒಬ್ಬರಲ್ಲ ಒಬ್ಬರು ಟವೆಲ್ ಸುತ್ತಿಕೊಂಡು, "ಅಯ್ಯಯ್ಯೋ, ಎಂತ ನೀರು ಮಾರ್ರೆ ಇದು!" ಎನ್ನುತ್ತಾ ಹೊರಗೆ ಓಡಿ ಬರುವುದು, ನನ್ನವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುವುದು ಇದ್ದದ್ದೇ. ನನ್ನವರು ತೀರಿಹೋದ ಮೇಲೆ ಗೀಸರ್ ಆಫ್ ಮಾಡುವುದು ನನ್ನ ಕೆಲಸವಾಯಿತು. ನಾನು ಕೂಗುತ್ತಿರಲಿಲ್ಲ. ಸ್ವಿಚ್ ಒತ್ತಿ, ಮೆಲ್ಲಗೆ, "ಸಮ್ಮರ್ ಡಿಕ್ಲೇರ್ಡ್" ಎನ್ನುತ್ತಿದ್ದೆ, ಅಷ್ಟೇ.

ನಾನು ಅಲ್ಲಿಯ ಒಂದು ಇಂಡಿಯನ್ ಸ್ಕೂಲಿನಲ್ಲಿ ಜಿಯಾಗ್ರಫಿ ಮಿಸ್. ಜಲಪಾತ, ಗ್ಲೇಸಿಯರ್, ಜ್ವಾಲಾಮುಖಿ ಎಲ್ಲವನ್ನೂ ಪಾಠ ಮಾಡಿದವಳು. ಹೊರಗೆ ಕಿಟಕಿಯಾಚೆ ಮರಳು, ಧೂಳು, ಕ್ರೇನ್‌ಗಳು. ಒಳಗೆ ಬೋರ್ಡಿನ ಮೇಲೆ ನಾನು ಹಿಮನದಿ ಹರಿಸುತ್ತಿದ್ದೆ. ಹಿಮನದಿ ಎಂದರೇನೆಂದು ಎಷ್ಟು ಹೇಳಿದರೂ, ಮರಳುನಾಡಿನಲ್ಲೇ ಹುಟ್ಟಿದ ಆ ಮಕ್ಕಳು ಕೇಳುವುದು ಒಂದೇ: "ಮಿಸ್, ಲೈಕ್ ದಿ ಐಸ್ ರಿಂಕ್ ಇನ್ ದಿ ಮಾಲ್?" ಅದರ ಹಿಂದೆ ಇನ್ನೊಂದು ಪ್ರಶ್ನೆ: "ಹ್ಯಾವ್ ಯು ಸೀನ್ ಒನ್, ಮಿಸ್?"

"ನಾಟ್ ಯೆಟ್," ಎನ್ನುತ್ತಿದ್ದೆ. "ನೋ" ಎಂದು ಒಮ್ಮೆಯೂ ಹೇಳಿದವಳಲ್ಲ.

ಆ ಬೋರ್ಡಿನ ವಿಷಯ ಇನ್ನೊಂದು ಮಾತು ಹೇಳಬೇಕು. ನಾನು ಹುಟ್ಟಾ ಎಡಚಿ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ಯೂನಿಫಾರ್ಮಿನ ಸ್ಯಾಶ್ ಬಿಚ್ಚಿ ಎಡಗೈಯನ್ನು ಬೆಂಚಿಗೆ ಕಟ್ಟಿ ಬಲಗೈಯಲ್ಲಿ ಬರೆಯಲು ಕಲಿಸಿದರು. ಮನೆಗೆ ಬಂದು ಅಳೋಣವೆಂದರೆ ಅಜ್ಜಿಯೂ ಸಿಸ್ಟರ್ ಪಾರ್ಟಿಯೇ. ಎಡಗೈ ನೀಡಿದರೆ ಊಟದ ತಟ್ಟೆಯೇ ಹಿಂದೆ ಹೋಗುತ್ತಿತ್ತು. ಹಾಗೆ ನನ್ನ ಬಲಗೈ ಡಿಸಿಪ್ಲಿನ್ ಕಲಿಯಿತು. ಅಚ್ಚಿನಂಥ ಆ ಕಾಪರ್‌ಪ್ಲೇಟ್ ಅಕ್ಷರಕ್ಕೆ ಸಿಸ್ಟರಿಗೆ ಈಗಲೂ ಥ್ಯಾಂಕ್ಸ್ ಹೇಳುತ್ತೇನೆ. ಆದರೆ ದೋಹಾದ ಕ್ಲಾಸಿನಲ್ಲಿ ಯಾವ ಸಿಸ್ಟರ್, ಯಾವ ಅಜ್ಜಿ? ಮೊದಲ ವರ್ಷವೇ ಚಾಕ್ ತಾನಾಗಿ ಎಡಗೈಗೆ ಹೋಯಿತು. ಬಲಗೈ ಹೆಸರು ಬರೆಯುತ್ತಿತ್ತು, ಎಡಗೈ ಚಿತ್ರ ಬಿಡಿಸುತ್ತಿತ್ತು, ಎರಡೂ ಒಟ್ಟಿಗೆ. ಹಿಂದಿನ ಬೆಂಚಿನವರು ಆ ಒಂದು ಪಾಠಕ್ಕೆ ಮಾತ್ರ ಚಪ್ಪಾಳೆ ತಟ್ಟುತ್ತಿದ್ದರು.

ರಿಟೈರ್ ಆದ ವರ್ಷ ಅಳಿಯ ಒಂದು ಪ್ಲ್ಯಾನ್ ತಂದರು. ಅವರು ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಇಂಜಿನಿಯರ್. ಶಿಫ್ಟಿನಲ್ಲಿ ಜೊತೆಗಿದ್ದ ಒಬ್ಬ ಯುರೋಪಿನವನು ಐಸ್‌ಲ್ಯಾಂಡಿನ ಸುದ್ದಿ ಹೇಳಿದ್ದನಂತೆ. ಒಬ್ಬ ಗೈಡ್, ಒಂದು ಗಾಡಿ, ಒಂದೇ ದಿನದಲ್ಲಿ ಜಲಪಾತ, ಗ್ಲೇಸಿಯರ್, ಜ್ವಾಲಾಮುಖಿಯ ಕಪ್ಪು ಕರಾವಳಿ, ಎಲ್ಲವೂ.

"ಪ್ರೈವೇಟ್ ಟೂರ್ ಅತ್ತೆ. ಗುಂಪಿನವರ ಹಿಂದೆ ಓಡಬೇಕಂತ ಇಲ್ಲ."

ನನ್ನ ಮಗಳು ಕೂಡಲೇ ಬಾಯಿ ಹಾಕಿದಳು. "ಗ್ಲೇಸಿಯರ್ ಹತ್ತಿರ ಬರುವಾಗ ನೀನು ಗಾಡಿಯಲ್ಲೇ ಕೂತ್ಕೊ ಅಮ್ಮ. ಕಿಟಕಿಯಿಂದ ಚೆಂದ ಕಾಣ್ತದೆ."

"ಕಿಟಕಿಯಿಂದ ನೋಡ್ಲಿಕ್ಕೆ ಟೀವಿ ಸಾಕಲ್ಲ ಮಾರಾಯ್ತಿ. ನಾನು ಅದರ ಮೇಲೆ ನಡೀಬೇಕು."

"ನಿನ್ನ ಮೊಣಕಾಲಿನ ಕತೆ ಎಂತ?"

"ಮೊಣಕಾಲಿಗೆ ನಾನು ಹೇಳ್ತೇನೆ."

ಅಂದಿನಿಂದ ನಮ್ಮ ಬಿಲ್ಡಿಂಗಿನಲ್ಲಿ ನಾನು ಲಿಫ್ಟ್ ಬಿಟ್ಟೆ. ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಮಲಯಾಳಿ ವಾಚ್‌ಮನ್ ಪ್ರತಿ ಸಲ ಎದ್ದು ನಿಂತು, "ಲಿಫ್ಟ್ ವರ್ಕಿಂಗ್, ಮ್ಯಾಡಂ" ಎನ್ನುತ್ತಿದ್ದ. "ಐ ನೋ, ಐ ಆಮ್ ಆಲ್ಸೋ ವರ್ಕಿಂಗ್," ಎನ್ನುತ್ತಿದ್ದೆ. ಸಂಜೆ ಕಡಲಂಚಿನ ಕಾರ್ನಿಶ್‌ನಲ್ಲಿ, ಬಿಸಿಗಾಳಿಯಲ್ಲಿ, ದಪ್ಪ ಅಡಿಯ ಹೊಸ ಬೂಟು ಹಾಕಿಕೊಂಡು ನಡೆದೆ. ಜುಲೈಯಲ್ಲಿ ಉಣ್ಣೆಯ ಸಾಕ್ಸ್ ಹಾಕಿಕೊಂಡ ಮುದುಕಿಯನ್ನು ಜನ ತಿರುಗಿ ನೋಡುತ್ತಿದ್ದರು. ನೋಡಲಿ ಬಿಡಿ.

ಹೊರಡುವ ಹೊತ್ತಿಗೆ ಪ್ಲಾಂಟಿನಲ್ಲಿ ಏನೋ ಶಟ್‌ಡೌನ್ ಬಂದು ಅಳಿಯನ ರಜೆ ಹೋಯಿತು. ತಾಯಿ ಮಗಳು ಇಬ್ಬರೇ ವಿಮಾನ ಹತ್ತಿದೆವು. ನಾವು ತಂಗಿದ್ದು ಹಳೆಯ ಮರದ ಗೆಸ್ಟ್‌ಹೌಸಿನಲ್ಲಿ. ಕಿಟಕಿಯ ಹೊರಗೆ ಸೂರ್ಯನಿಗೆ ಮುಳುಗುವ ಮನಸ್ಸೇ ಇರಲಿಲ್ಲ. ಟೂರಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಮುಖಕ್ಕೆ ತಣ್ಣೀರು ಹಾಕಿಕೊಳ್ಳೋಣವೆಂದು ಬಾತ್‌ರೂಮಿಗೆ ಹೋದೆ. ಬೇಸಿನ್ನಿಗೆ ಎರಡು ನಲ್ಲಿ, ಒಂದಕ್ಕೆ ಕೆಂಪು ಬೊಟ್ಟು, ಒಂದಕ್ಕೆ ನೀಲಿ.

ಅರ್ಧ ನಿದ್ದೆಯಲ್ಲಿದ್ದ ಕೈಗೆ ಅದು ದೋಹಾದ ಜುಲೈ. ಕೆಂಪು ನಲ್ಲಿಯನ್ನು ಪೂರ್ತಿ ತಿರುಗಿಸಿ ಬಲ ಅಂಗೈ ಒಡ್ಡಿದೆ.

ಆ ದೇಶದಲ್ಲಿ ಬಿಸಿನೀರು ನೆಲದೊಳಗಿನಿಂದಲೇ ಬರುತ್ತದೆ, ಜ್ವಾಲಾಮುಖಿಯ ಕಾವಿನಲ್ಲಿ ಕಾದು. ನಾನೇ ಎಷ್ಟು ಕ್ಲಾಸಿಗೆ ಹೇಳಿಕೊಟ್ಟ ಪಾಠ! ಗಂಧಕದ, ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ಬಂತು. ಆಮೇಲೆ ನನ್ನದೇ ಕಿರುಚು ನನಗೆ ಕೇಳಿಸಿತು.

ಮಗಳು ಓಡಿ ಬಂದಳು. ನೀಲಿ ನಲ್ಲಿಯ ಕೆಳಗೆ ನನ್ನ ಕೈ ಹಿಡಿದು ನಿಲ್ಲಿಸಿದಳು. ಆ ನೀರಾದರೋ ಫ್ರಿಜ್ಜಿನದಕ್ಕಿಂತ ತಣ್ಣಗೆ. ಅಂಗೈ ಕೆಂಪಾಗಿ ಬೆರಳುಗಳ ಬುಡದಲ್ಲಿ ಒಂದು ಬೊಕ್ಕೆ ಎದ್ದಿತು. ಮಗಳಿಗೆ ಅಳುವೂ ಬಂತು, ನಗುವೂ ಬಂತು.

"ನೆಂಟರಿಗೆಲ್ಲ ಪಾಠ ಮಾಡಿದವಳು ನೀನೇ ಅಲ್ವಾ? ಅಪ್ಪ ಇದ್ದಿದ್ರೆ ಪೇಪರ್ ಹಿಡ್ಕೊಂಡು ಬಿದ್ದು ಬಿದ್ದು ನಗ್ತಿದ್ರು."

"ನಗ್ಲಿ. ಬ್ಯಾಂಡೇಜ್ ಕಟ್ಟು. ಗಾಡಿ ಬರುವ ಹೊತ್ತಾಯ್ತು."

"ಜಲಪಾತ ನೋಡುವ. ಗ್ಲೇಸಿಯರ್ ಖಲಾಸ್ ಅಮ್ಮ. ಈ ಕೈಯಲ್ಲಿ ಐಸ್ ಮೇಲೆ ಊರುವ ಕೋಲು ಹಿಡೀಲಿಕ್ಕೆ ಆಗ್ತದಾ?"

ಆಗುತ್ತಿರಲಿಲ್ಲ. ಬೆರಳು ಮಡಚಿದರೆ ಜೀವ ಹೋಗುತ್ತಿತ್ತು. ಇಷ್ಟು ದೂರ ಬಂದು, ಒಂದು ನಲ್ಲಿಯ ದೆಸೆಯಿಂದ ಕಿಟಕಿಯಲ್ಲಿ ಕುಳಿತು ನೋಡಿ ಹಿಂದೆ ಹೋಗುವುದೇ? "ನಾಟ್ ಯೆಟ್" ಎಂಬ ಮಾತಿಗೆ ಇನ್ನೊಂದು ಅವಕಾಶ ನನ್ನ ವಯಸ್ಸಿಗೆ ಸಿಗುವಂತಿರಲಿಲ್ಲ.

ಗೈಡ್ ಒಬ್ಬಳು ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವಳು. ಎತ್ತರದ ಆಳು, ಕೈಯಲ್ಲಿ ಹೆಣೆದ ಸ್ವೆಟರ್, ದೊಡ್ಡ ಜೀಪು. ನನ್ನ ಬ್ಯಾಂಡೇಜ್ ನೋಡಿ, ಮಗಳು ಇಂಗ್ಲಿಷಿನಲ್ಲಿ ಹೇಳಿದ ಜಿಯಾಗ್ರಫಿ ಟೀಚರಿನ ಕತೆ ಕೇಳಿ, "ಕೆಂಪು ನಲ್ಲಿಯಲ್ಲಿ ತಣ್ಣೀರೇ?" ಎಂದು ಎರಡು ಸಲ ಕೇಳಿದಳು.

"ನಮ್ಮಲ್ಲಿ ಹಾಗೆ," ಎಂದೆ. "ನಿಮ್ಮಲ್ಲಿ ನೆಲದ ಕೆಳಗೆ ಬೆಂಕಿ, ನಮ್ಮಲ್ಲಿ ತಲೆಯ ಮೇಲೆ."

ಅವಳು ಜೋರಾಗಿ ನಕ್ಕಳು. ಆದರೆ ಗ್ಲೇಸಿಯರ್ ವಿಷಯದಲ್ಲಿ ನಗಲಿಲ್ಲ. "ಐಸ್ ಮೇಲೆ ಕೋಲೇ ನಿಮ್ಮ ಮೂರನೆಯ ಕಾಲು. ಹಿಡಿತ ಗಟ್ಟಿಯಿಲ್ಲದವರನ್ನು ನಾನು ಕರೆದುಕೊಂಡು ಹೋಗುವುದಿಲ್ಲ, ಟೀಚರ್. ಸಾರಿ."

"ಎಡಗೈಯಲ್ಲಿ ಹಿಡಿಯುತ್ತೇನೆ."

"ಎಲ್ಲರೂ ಹಾಗೇ ಹೇಳುತ್ತಾರೆ. ಕಾಲು ಜಾರಿದ ಕ್ಷಣದಲ್ಲಿ ರೂಢಿಯಿದ್ದ ಕೈಯೇ ಮೊದಲು ಮುಂದೆ ಬರುವುದು."

"ಹಾಗಾದರೆ ನನ್ನನ್ನು ಟೆಸ್ಟ್ ಮಾಡಿ," ಎಂದೆ. ಎಷ್ಟೋ ವರ್ಷ ಬೇರೆಯವರಿಗೆ ಎಕ್ಸಾಮ್ ಇಟ್ಟವಳಿಗೆ ಆ ಮಾತು ಸಲೀಸಾಗಿ ಬಂತು.

ಅವಳು ಆ ಟೆಸ್ಟನ್ನು ಮೊದಲ ಜಲಪಾತದಲ್ಲೇ ಇಟ್ಟಳು. ಬಂಡೆಯ ಅಂಚಿನಿಂದ ನೀರು ನೇರ ಬೀಳುತ್ತಿತ್ತು, ಅದರ ಹಿಂದೆ ಬಂಡೆ ಒಳಸರಿದು, ನೀರಿನ ಬೆನ್ನ ಹಿಂದೆಯೇ ಕಾಲುದಾರಿ ಇತ್ತು. ದಾರಿಯೆಂದರೆ ಕೆಸರು, ಒದ್ದೆ ಕಲ್ಲು, ಮುಖಕ್ಕೆ ರಾಚುವ ತುಂತುರು. ಗೈಡ್ ನನ್ನ ಎಡಗೈಗೆ ಕೋಲು ಕೊಟ್ಟು ಬಗಲಲ್ಲೇ ನಡೆದಳು. ಮಗಳು ಹಿಂದಿನಿಂದ, "ಮೆಲ್ಲ ಅಮ್ಮ, ಮೆಲ್ಲ," ಎಂದು ಜಪ ಮಾಡುತ್ತಿದ್ದಳು. ನೀರಿನ ಅಬ್ಬರದಲ್ಲಿ ಅದು ಕೇಳುತ್ತಿರಲಿಲ್ಲವೆಂಬುದೇ ಸಮಾಧಾನ.

ಪರದೆಯಂಥ ಆ ನೀರಿನ ಹಿಂದೆ ಒಂದು ಕಲ್ಲು ನನ್ನ ಬೂಟಿನಡಿಯಲ್ಲಿ ಉರುಳಿತು. ಮೈ ವಾಲಿತು. ಏನಾಯಿತೆಂದು ತಿಳಿಯುವ ಮೊದಲೇ ಎಡಗೈ ಕೋಲನ್ನು ಕೆಸರಿಗೆ ಊರಿ ನನ್ನನ್ನು ನಿಲ್ಲಿಸಿತ್ತು. ಬಲಗೈ ಎದೆಗೆ ಒತ್ತಿಕೊಂಡು ಹಾಗೇ ಇತ್ತು, ಒಳ್ಳೆಯ ಹುಡುಗಿಯ ಹಾಗೆ.

ಗೈಡ್ ನನ್ನ ಮುಖ ನೋಡಿದಳು. "ನೀವು ಎಡಚಿ!"

"ಹುಟ್ಟಿದಾಗ ಆಗಿದ್ದೆ. ಆಮೇಲೆ ಸ್ಕೂಲಿಗೆ ಹಾಕಿದರು."

"ನನ್ನ ಅಮ್ಮನಿಗೂ ಹಾಗೇ ಮಾಡಿದರು," ಎಂದು ಅವಳು ಕೋಲಿನ ಪಟ್ಟಿಯನ್ನು ನನ್ನ ಎಡಮಣಿಕಟ್ಟಿಗೆ ಬಿಗಿದಳು. "ಪಾಸ್, ಟೀಚರ್."

ಮಗಳು ಮುಂದೆ ಬಂದು ನನ್ನ ಬ್ಯಾಂಡೇಜ್ ಸಡಿಲವಾಗಿದೆಯೇ ಎಂದು ನೋಡಿದಳು.

ಗ್ಲೇಸಿಯರ್ ದೂರದಿಂದ ಕಂಡಾಗ ನನಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ. ನಾನು ಯಾವಾಗಲೂ ಬಿಳಿ ಚಾಕಿನಲ್ಲಿ ಬಿಡಿಸಿದ್ದು. ಇದರ ಮೂತಿ ಕಪ್ಪಾಗಿತ್ತು. ಹಳೆಯ ಜ್ವಾಲಾಮುಖಿಗಳ ಬೂದಿಯನ್ನು ಮೈಯಲ್ಲಿ ಹೊತ್ತು, ಮಳೆಯಲ್ಲಿ ನಿಂತ ಎಮ್ಮೆಯ ಹಾಗೆ ಮಿರುಗುತ್ತಿತ್ತು. ಹತ್ತಿರ ಹೋದಂತೆ ಬಿರುಕುಗಳ ಒಳಗೆ ನೀಲಿ. ಆ ನೀಲಿಗೆ ನಮ್ಮ ಬಾಕ್ಸಿನಲ್ಲಿ ಚಾಕ್ ಇರಲಿಲ್ಲ. ಬೂಟಿನ ಅಡಿಗೆ ಕಬ್ಬಿಣದ ಹಲ್ಲು ಕಟ್ಟಿಸಿಕೊಂಡು, ಹೆಲ್ಮೆಟ್ ಹಾಕಿಸಿಕೊಂಡು, ಎಡಗೈಯಲ್ಲಿ ಕೋಲು ಊರಿ ಮೊದಲ ಹೆಜ್ಜೆ ಇಟ್ಟೆ. ಕರಕ್ ಎಂದು ಸದ್ದಾಯಿತು. ತಲೆಯಲ್ಲಿ ದೊಡ್ಡ ಯೋಚನೆ ಏನೂ ಬರಲಿಲ್ಲ. "ಯೆಸ್, ಚಿಲ್ಡ್ರನ್," ಎಂದೆ, ಗಟ್ಟಿಯಾಗಿಯೇ. ಗೈಡ್ ತಿರುಗಿ ನೋಡಿ ಮುಂದೆ ನಡೆದಳು.

ಸ್ವಲ್ಪ ಮೇಲೆ ಒಂದು ಬಿರುಕು ಅಡ್ಡ ಬಂತು. ಅಗಲವೆಂದರೆ ಒಂದು ಹೆಜ್ಜೆ, ಆದರೆ ಒಳಗೆ ಆಳದಲ್ಲಿ ನೀರು ಹರಿಯುವ ಸದ್ದು. ಗೈಡ್ ದಾಟಿದಳು, ನಾನೂ ದಾಟಿದೆ. ತಿರುಗಿ ನೋಡಿದರೆ ಮಗಳು ಆಚೆ ಬದಿಯಲ್ಲಿ ಮರಗಟ್ಟಿ ನಿಂತಿದ್ದಳು.

"ಅಮ್ಮ, ನಾನು ಇಲ್ಲೇ ನಿಲ್ತೇನೆ. ನೀವು ಹೋಗಿ ಬನ್ನಿ."

"ಗಾಡಿಯಲ್ಲಿ ಕೂತ್ಕೊಳ್ಳುವುದು ಈಗ ಯಾರಂತೆ?"

"ತಮಾಷೆ ಬೇಡ. ನನಗೆ ನಿಜ ಹೆದರಿಕೆ ಆಗ್ತಾ ಉಂಟು."

ಅವಳ ಮುಖ ನೋಡಿದೆ. ಅಪ್ಪನ ಕೈ ಹಿಡಿದು ಸ್ಕೂಲ್ ಬಸ್ಸಿಗೆ ಕಾಯುತ್ತಿದ್ದ ಅದೇ ಮುಖ. ಅವರು ಹೋದ ಮೇಲೆ ಅವಳು ನನ್ನನ್ನು ಎಲ್ಲ ಕಡೆಯೂ ಕೂರಿಸಲು ನೋಡುತ್ತಿದ್ದುದು ಯಾಕೆಂದು ನನಗೆ ಗೊತ್ತಿತ್ತು. ಎಡಗೈಯ ಕೋಲನ್ನು ಐಸಿನಲ್ಲಿ ಗಟ್ಟಿಯಾಗಿ ಊರಿ, ಗೈಡ್ ನನ್ನ ಬೆಲ್ಟ್ ಹಿಡಿದ ಮೇಲೆ, ಬ್ಯಾಂಡೇಜ್ ಕಟ್ಟಿದ ಬಲಗೈಯ ಮೊಣಕೈಯನ್ನು ಆಚೆ ಚಾಚಿದೆ.

"ಕೈ ಮುಟ್ಟಬೇಡ, ಮೊಣಕೈ ಹಿಡ್ಕೊ. ನೀರು ನೋಡಬೇಡ, ನನ್ನನ್ನು ನೋಡು. ಯಲ್ಲಾ, ಬಾ!"

ಅವಳು ಕಣ್ಣು ಮುಚ್ಚಿಯೇ ದಾಟಿದಳು. ದಾಟಿದವಳು ನನ್ನ ಮೊಣಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಇಳಿದ ಮೇಲೆ ಗೈಡ್ ನಮ್ಮನ್ನು ಕಡಲಿಗೆ ಕರೆದುಕೊಂಡು ಹೋದಳು. ಕಪ್ಪು ಮರಳು, ಕಪ್ಪು ಬಂಡೆಯ ಕಂಬಗಳು, ಬಿಳಿ ನೊರೆ. ಚಾಕ್ ಇನ್ನೂ ಮುಟ್ಟದ ಬೋರ್ಡನ್ನು ಯಾರೋ ಮೈಲುಗಟ್ಟಲೆ ಮಲಗಿಸಿದ ಹಾಗಿತ್ತು. ಅಲೆಗಳು ಕೆಟ್ಟವು, ಹತ್ತಿರ ಹೋಗಬೇಡಿ ಎಂದು ಅವಳು ದೂರದಲ್ಲೇ ಕೂರಿಸಿದಳು. ದೋಹಾದಿಂದ ಕಟ್ಟಿ ತಂದಿದ್ದ ಚಪಾತಿ, ಚಟ್ನಿಪುಡಿ ತೆಗೆದೆವು. ಗೈಡಿಗೂ ಒಂದು ಸುರುಳಿ ಕೊಟ್ಟೆವು. ಅವಳು ಖಾರಕ್ಕೆ ಕಣ್ಣೀರು ಒರೆಸಿಕೊಂಡು ಇನ್ನೊಂದು ಕೇಳಿದಳು. ನಾನು ನನ್ನದನ್ನು ಎಡಗೈಯಲ್ಲಿ ಹಿಡಿದು ಕಚ್ಚಿದೆ.

ಮಗಳು ನೋಡುತ್ತಿದ್ದಳು. "ನಿನ್ನ ಅಜ್ಜಿ ನೋಡಿದ್ರೆ?"

"ತಟ್ಟೆ ಹಿಂದೆ ಎಳ್ಕೊಳ್ತಿದ್ರು. ಇಲ್ಲಿ ತಟ್ಟೆಯೇ ಇಲ್ಲವಲ್ಲ."

ಅವಳು ನಕ್ಕು ನನ್ನ ಭುಜಕ್ಕೆ ಒರಗಿದಳು. ಗಾಳಿಗೆ ಅವಳ ಕೂದಲು ನನ್ನ ಚಪಾತಿಗೆ ಬಂತು. ತೆಗೆಯಲು ಖಾಲಿ ಕೈ ಇರಲಿಲ್ಲ. ಹಾಗೇ ತಿಂದೆ.

ದೋಹಾಕ್ಕೆ ಮರಳಿದಾಗ ಆಗಸ್ಟ್ ಉರಿಯುತ್ತಿತ್ತು. ಮಗಳು ಅಲ್ ಅಜೀಜಿಯಾದ ತನ್ನ ಮನೆಗೆ ಹೋಗುವ ಮೊದಲು ನನ್ನನ್ನು ಅಲ್ ಸದ್ದ್‌ನಲ್ಲಿ ಇಳಿಸಿದಳು. ವಾಚ್‌ಮನ್ ಎದ್ದು ನಿಂತು ಲಿಫ್ಟಿನ ಬಾಗಿಲು ತೆರೆದ. ಮಗಳು ಪೆಟ್ಟಿಗೆಗಳ ಜೊತೆ ಒಳಗೆ ಹೋಗಿ ನನ್ನತ್ತ ನೋಡಿದಳು. "ಮೆಟ್ಟಿಲಾ?" ಎಂದು ಕೇಳಿದಳು.

"ಮೆಟ್ಟಿಲು," ಎಂದೆ.

ಮೇಲೆ ಬಂದಾಗ ಅವಳು ಎ.ಸಿ. ಹಾಕಿ ಕಾಯುತ್ತಿದ್ದಳು. ನಾನು ಮುಖ ತೊಳೆಯಲು ಹೋದೆ. ಕೆಂಪು ಬೊಟ್ಟು, ನೀಲಿ ಬೊಟ್ಟು. ಹೊರಗಿನಿಂದ, "ಅಮ್ಮ, ಯಾವುದಂತ ನೋಡಿ ತಿರುಗಿಸು!" ಎಂಬ ಕೂಗು.

ಬಲಗೈ ಇನ್ನೂ ಬ್ಯಾಂಡೇಜಿನಲ್ಲಿತ್ತು. ಎಡಗೈಯಲ್ಲಿ ಕೆಂಪು ನಲ್ಲಿ ತಿರುಗಿಸಿ ಅದೇ ಕೈಯನ್ನು ನೀರಿಗೆ ಹಿಡಿದೆ. ಸುಡಲಿಲ್ಲ.