ಒಂದೂವರೆ ಬೀಸಿಗೆ ನಿಂತ ಮೀನು

ಸುವರ್ಣಾ, ನಿನ್ನ ಮೀನು ಈಜದೆ ನಿಂತದ್ದು ನನ್ನಿಂದ. ನಿನ್ನಿಂದಲ್ಲ, ಆ ಹಳೆಯ ಕಂಪ್ಯೂಟರಿನಿಂದಲೂ ಅಲ್ಲ — ನನ್ನಿಂದ. ಹದಿನಾಲ್ಕು ವರ್ಷದಿಂದ ಈ ಮಾತನ್ನು ಮುಚ್ಚಿಟ್ಟಿದ್ದೇನೆ. ಈ ಕಾಗದವನ್ನು ನೀನು ಹರಿದು ಒಗೆದರೂ ಸರಿ. ಆದರೆ ಪೂರ್ತಿ ಓದಿ ಹರಿ.

ಶಿಗ್ಗಾಂವಿಯ ಆ ಕಾಲೇಜಿನ ಮೇಲಂತಸ್ತಿನ ಲ್ಯಾಬು ನಿನಗೆ ನೆನಪಿದೆಯೋ ಇಲ್ಲವೋ. ನನಗಂತೂ ಕಣ್ಣು ಮುಚ್ಚಿದರೆ ಅದೇ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ನಿಧಾನಕ್ಕೆ ಮೇಜಿನುದ್ದ ಸರಿಯುತ್ತಿತ್ತು, ಫ್ಯಾನು ತನ್ನ ಪಾಡಿಗೆ ಗುನುಗುತ್ತಿತ್ತು. ಸಂಶೋಧನೆಗೆ ಸೇರಿದವರು ನಾವಿಬ್ಬರೇ. ನಾನು ಅಬಲೂರಿನವನು, ಪಂಪಿನೊಳಗಿನ ವಾಲ್ವಿನ ರಬ್ಬರ್ ಬಾಯಿ ತೆರೆದು ಮುಚ್ಚುವಾಗ ನೀರು ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದೆ. ನೀನು ತಿಳವಳ್ಳಿಯವಳು, ಕೆರೆಯ ದಂಡೆಯಲ್ಲಿ ಬೆಳೆದವಳು. ಮೀನು ಬಾಲ ಬೀಸಿದರೆ ಅದರ ಹಿಂದಿನ ನೀರಿಗೆ ಏನಾಗುತ್ತದೆ — ಅದನ್ನು ಕಂಪ್ಯೂಟರಿನಲ್ಲಿ ಹಿಡಿಯಹೊರಟಿದ್ದೆ. ಮೀನು ತಿನ್ನುವುದಿರಲಿ, ಮುಟ್ಟಿಯೂ ಗೊತ್ತಿಲ್ಲದ ಮನೆತನ ನಿಮ್ಮದು. "ಅಲ್ಲವ್ವಾ, ನಮ್ಮ ಮನಿ ಹುಡುಗಿಗೆ ಮೀನದ ವಿದ್ಯಾ ಎದಕ ಬೇಕಾಗೇತಿ?" ಎಂದು ನಿಮ್ಮ ಅವ್ವ ಫೋನಿನಲ್ಲಿ ಕೇಳಿದ್ದನ್ನು ನೀನು ಅವರದೇ ದನಿಯಲ್ಲಿ ಹೇಳಿ ತೋರಿಸಿ ನಗುತ್ತಿದ್ದೆ.

ಈ ಕಾಗದವನ್ನು ಬೇರೆಯವರೂ ಓದಬಹುದು. ಅವರಿಗಾಗಿ ಬಿಡಿಸಿ ಹೇಳುತ್ತೇನೆ — ನಾನು ಮುಚ್ಚಿಟ್ಟದ್ದು ಎಷ್ಟು ಸಣ್ಣದೆಂದು ಅವರಿಗೂ ತಿಳಿಯಲಿ. ಕಂಪ್ಯೂಟರಿಗೆ ನೀರನ್ನು ಇಡಿಯಾಗಿ ಕೊಡಲಾಗುವುದಿಲ್ಲ. ಸಾವಿರಾರು ಪುಟ್ಟ ತ್ರಿಕೋನಗಳಾಗಿ ಕತ್ತರಿಸಿ, ಮೀನಿನ ಸುತ್ತ ಬಲೆಯಂತೆ ಹಾಸಬೇಕು. ಬಾಲ ಬಾಗಿದಾಗ ಬಲೆಯೂ ಬಾಗಬೇಕು. ಬಾಲಕ್ಕೆ ಅಂಟಿಕೊಂಡ ತ್ರಿಕೋನಗಳು ಗಟ್ಟಿಯಾಗಿದ್ದು ಅದರ ಜೊತೆಗೇ ಸಾಗಬೇಕು. ಎಳೆತವನ್ನೆಲ್ಲ ದೂರದ ದೊಡ್ಡ ತ್ರಿಕೋನಗಳು ಹಂಚಿಕೊಳ್ಳಬೇಕು. ಹಾಗಾಗದಿದ್ದರೆ ಬಾಲದ ತುದಿಯಲ್ಲಿ ಯಾವುದೋ ಒಂದು ತ್ರಿಕೋನ ನುಜ್ಜಾಗಿ, ಒಳಹೊರಗಾಗಿ, ಅದರ ಅಳತೆ ಸೊನ್ನೆಗಿಂತ ಕಡಿಮೆಯಾಗುತ್ತದೆ. ಸೊನ್ನೆಗಿಂತ ಕಡಿಮೆ ನೀರು! ಕಂಪ್ಯೂಟರು ಅಲ್ಲಿಗೇ ಕೈಚೆಲ್ಲುತ್ತದೆ. ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ಹೇಳುವುದು ಲೆಕ್ಕದ ಫೈಲಿನ ಒಂದೇ ಒಂದು ಸಾಲು.

ಆ ಫೈಲನ್ನು ನಿನಗೆ ಕೊಟ್ಟವನು ನಾನು. ಈ ಕೆಲಸದಲ್ಲಿ ಯಾರೂ ಮೊದಲಿನಿಂದ ಬರೆಯುವುದಿಲ್ಲವಲ್ಲ — ಜೊತೆಯವರದನ್ನು ನಕಲು ಮಾಡಿಕೊಂಡು, ಬೇಕಾದಷ್ಟು ಬದಲಿಸಿ, ಉಳಿದದ್ದನ್ನು ನಂಬಿಬಿಡುವುದೇ ರೂಢಿ. ನೀನೂ ನಂಬಿದೆ. ಕೊಡುವಾಗ ನನಗೆ ತಪ್ಪು ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಎರಡು ವಾರದ ಮೇಲೆ ನನ್ನ ರಬ್ಬರ್ ಬಾಯಿಯೂ ನಡುವೆಯೇ ನಿಂತಾಗ ಹುಡುಕಿದೆ. ಆ ಸಾಲಿನಲ್ಲಿ ನಾನು ಎಲ್ಲ ತ್ರಿಕೋನಗಳಿಗೂ ಒಂದೇ ಗಟ್ಟಿತನ ಬರೆದುಬಿಟ್ಟಿದ್ದೆ. ನನ್ನದನ್ನು ತಿದ್ದಿಕೊಂಡೆ. ನಿನಗೆ ಹೇಳಲು ಕುರ್ಚಿ ಬಿಟ್ಟು ಎದ್ದೂ ಆಗಿತ್ತು —

ಅಷ್ಟರಲ್ಲಿ ನೀನೇ ಬಂದೆ. "ಬಸೂ, ನನ್ನ ಮೀನಾ ಮತ್ತ ಸತ್ತೈತಿ. ಪಂಚನಾಮಿ ಮಾಡೂನು ಬಾ."

ನಾನು ನಕ್ಕುಬಿಟ್ಟೆ. ನೀನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತೆ. ಪರದೆಯ ಮೇಲೆ ಮೀನು ಒಮ್ಮೆ ಬಾಲ ಬೀಸಿತು, ಹಿಂದೆ ಒಂದು ಕೆಂಪು ಸುಳಿ ಎದ್ದಿತು. ಮತ್ತೆ ಅರ್ಧ ಬೀಸಿತು, ನೀಲಿ ಸುಳಿ ಇನ್ನೂ ಬಿಚ್ಚಿಕೊಳ್ಳುತ್ತಿರುವಾಗಲೇ ಎಲ್ಲ ಸ್ತಬ್ಧ. ನೀನು ಗಲ್ಲಕ್ಕೆ ಕೈಕೊಟ್ಟು ಆ ನಿಂತ ನೀರನ್ನೇ ನೋಡುತ್ತಿದ್ದೆ. ನಾನು ನಿನ್ನನ್ನು ನೋಡುತ್ತಿದ್ದೆ. ಹೇಳಿಬಿಟ್ಟರೆ ಮೀನು ಈಜುತ್ತದೆ, ನಾಳೆ ನೀನು ಈ ಮೇಜಿಗೆ ಬರುವುದಿಲ್ಲ ಅನ್ನಿಸಿತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಇಷ್ಟೇ. ಹೊಟ್ಟೆಕಿಚ್ಚಾಗಿದ್ದರೆ ಒಪ್ಪಿಕೊಳ್ಳುವುದು ಸುಲಭವಿತ್ತೇನೋ — ಇದಕ್ಕೆ ಏನು ಹೆಸರಿಡಲಿ? ಪ್ರೀತಿ ಎನ್ನಲು ನಾಚಿಕೆಯಾಗುತ್ತದೆ. ನಿನ್ನ ಸೋಲನ್ನು ನಾನು ದಿನಾ ಮಧ್ಯಾಹ್ನ ಸವಿದೆ.

ಐದು ತಿಂಗಳು, ಸುವರ್ಣಾ. ನೀನು ಮೀನಿನ ಆಕಾರ ಬದಲಿಸಿದೆ, ಬಾಲ ಗಿಡ್ಡ ಮಾಡಿದೆ, ಬಲೆಯನ್ನು ಕಿತ್ತು ಹತ್ತಾರು ಸಲ ಹೊಸದಾಗಿ ಹೆಣೆದೆ. ತಪ್ಪು ನಿನ್ನಲ್ಲೇ ಇದೆ ಎಂದು ನಿನಗೆ ಅಷ್ಟು ಖಾತ್ರಿ! ಒಮ್ಮೆ ಮಾತ್ರ ಕೇಳಿದೆ, ತೀರ ಸಂಕೋಚದಿಂದ: "ನಿನ್ನ ಫೈಲಿನಾಗ ಏನರ ಇರಬಹುದೇನೋ?"

"ಏ, ನಂದರಾಗ ಏನೂ ಇಲ್ಲ. ನಿನ್ನ ಮೀನದಾಗ ಐಬ ಐತಿ ನೋಡು."

ಹಾಗಂದೆ. ಅದುವರೆಗೆ ಸುಮ್ಮನಿದ್ದದ್ದು ಆ ಕ್ಷಣಕ್ಕೆ ಸುಳ್ಳಾಯಿತು. ಆಮೇಲೆ ನಾನು ಹೇಳಬೇಕೆಂದರೂ ಬಾಯಿ ಬರಲಿಲ್ಲ.

ಮೂರು ಪೂರ್ತಿ ಬೀಸು ತೋರಿಸದೆ ಮುಂದಿನ ವರ್ಷಕ್ಕೆ ಒಪ್ಪಿಗೆ ಇಲ್ಲ ಎಂದು ನಮ್ಮಿಬ್ಬರ ಸಂಶೋಧನೆಯ ಗುರುಗಳು ಹೇಳಿದ್ದರು. ತೋರಿಸಬೇಕಾದ ದಿನ ನೀನು ಒಂದೂವರೆ ಬೀಸು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ಇದು ನಿನಗ ಒಗ್ಗೂದಿಲ್ಲವ್ವಾ, ಬಿಟ್ಟುಬಿಡು" ಅಂದರು. ನಾನು ಅಲ್ಲೇ ಎರಡನೆಯ ಸಾಲಿನಲ್ಲಿ ಕುಳಿತಿದ್ದೆ. ನನ್ನ ರಬ್ಬರ್ ಬಾಯಿ ಸೊಗಸಾಗಿ ತೆರೆದು ಮುಚ್ಚಿತು, ಶಹಬ್ಬಾಸ್ ಸಿಕ್ಕಿತು. ನೀನೂ ಚಪ್ಪಾಳೆ ತಟ್ಟಿದೆ.

ನೀನು ಕಾಲೇಜು ಬಿಟ್ಟು ಹೋದ ಮರುವಾರ ನಾನು ನಿನ್ನ ಮೀನಿನ ಫೈಲಿನಲ್ಲಿ ಆ ಸಾಲನ್ನು ತಿದ್ದಿ ಓಡಿಸಿದೆ. ನೀನು ಮೊಟ್ಟಮೊದಲು ಬರೆದ ಆಕಾರ, ನೀನು ಹೆಣೆದ ಬಲೆ — ಬೇರೇನೂ ಮುಟ್ಟಲಿಲ್ಲ. ಮೀನು ಈಜಿತು. ಕೆಂಪು ಸುಳಿ, ನೀಲಿ ಸುಳಿ, ಮತ್ತೆ ಕೆಂಪು, ಮತ್ತೆ ನೀಲಿ, ಒಂದರ ಹಿಂದೊಂದು ಬಿಚ್ಚಿಕೊಳ್ಳುತ್ತ ಪರದೆಯ ಅಂಚಿನವರೆಗೂ ತೇಲಿಹೋದವು. ಇಡೀ ಕೋಣೆ ನೀರಿನೊಳಗೆ ಇಳಿದಂತಿತ್ತು. ಊಟಕ್ಕೂ ಏಳದೆ ನೋಡಿದೆ. ಅಯ್ಯೋ, ಎಷ್ಟು ಚೆಂದವಿತ್ತು! ನೀನು ನೋಡಬೇಕಾದ್ದನ್ನು ನಾನೊಬ್ಬನೇ ನೋಡಿದೆ. ಆಗಲೂ ನಿನಗೆ ಫೋನು ಮಾಡಲಿಲ್ಲ.

ಹೋದ ತಿಂಗಳು ಸವಣೂರಿನ ಬಸ್ ನಿಲ್ದಾಣದಲ್ಲಿ ನೀನೇ ನನ್ನನ್ನು ಗುರುತಿಸಿ ಕರೆದೆ. ಗಂಡನ ಮನೆಯವರ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಿದ್ದೇನೆ ಅಂದೆ, ನಗುತ್ತಿದ್ದೆ, ಮುಖದಲ್ಲಿ ಕಳೆಯಿತ್ತು. ಸುಖವಾಗಿದ್ದಾಳೆ, ಮುಗಿಯಿತು ಎಂದು ನಾನು ತಪ್ಪಿಸಿಕೊಳ್ಳಬಹುದಿತ್ತು. ಆದರೆ ನೀನು ಮಗಳಿಗೆ ನನ್ನನ್ನು ತೋರಿಸಿ, "ಇವ್ರು ನನ್ನ ಜೋಡಿ ಇದ್ರು, ಭಾಳ ಶಾಣ್ಯಾರು. ನನಗ ಅಷ್ಟ ತಲಿ ಇರಲಿಲ್ಲ, ಬಿಟ್ಟ ಬಂದೆ" ಅಂದೆ. ಮಗು ನಿನ್ನ ಸೆರಗು ಹಿಡಿದು, "ನನಗೂ ಗಣಿತಾ ಹತ್ತೂದಿಲ್ರಿ. ನಾ ಅವ್ವನ ಹಂಗ" ಅಂದಳು. ಎಷ್ಟು ಸಹಜವಾಗಿ ಅಂದಳು — ಕಣ್ಣಿನ ಬಣ್ಣದ ಮಾತಾಡುವವರ ಹಾಗೆ.

ಬಸ್ಸು ಹತ್ತಿದವನಿಗೆ ಊರು ಬಂದದ್ದು ತಿಳಿಯಲಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಆ ಹಕ್ಕು ನನಗಿಲ್ಲ. ಗುರುಗಳ ಮನೆಗೆ ಹೋಗಿ ಎಲ್ಲ ಹೇಳಿ ಬಂದಿದ್ದೇನೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, ಎದ್ದು ಹೋಗು ಅಂದರು. ಬರುವ ಭಾನುವಾರ ಸವಣೂರಿಗೆ ಬರುತ್ತೇನೆ. ನೀನು ಒಳಗೆ ಕರೆಯಬೇಕಾಗಿಲ್ಲ, ನನ್ನ ಮುಖ ನೋಡಬೇಕಾಗಿಲ್ಲ. ನಿನ್ನ ಮಗಳನ್ನು ಒಂದು ನಿಮಿಷ ಬಾಗಿಲಿಗೆ ಕಳಿಸು, ಸಾಕು. ಅವಳಿಗೆ ಎರಡೇ ಮಾತು ಹೇಳಿ ಹೊರಟುಬಿಡುತ್ತೇನೆ: "ನಿಮ್ಮವ್ವನ ಲೆಕ್ಕಾ ಬರೋಬ್ಬರಿ ಇತ್ತವ್ವಾ. ಸುಳ್ಳ ಹೇಳಿದಾವ ನಾ."